ಲೋಭಕ್ಕೆ ದೊರೆತ ಮನ್ನಣೆ: 18ನೆಯ ಶತಮಾನದ ಯೂರೋಪಿನ ಭೋಗವಿವಾದ

ಲೋಭ, ಮದ, ಮಾತ್ಸರ್ಯಗಳನ್ನು ಮನುಷ್ಯ ಗೆಲ್ಲಬೇಕಾದ ಒಳವೈರಿಗಳೆಂದು ಬಗೆಯುವ ಪದ್ಧತಿ ಭಾರತದಲ್ಲಿ ಇದ್ದಂತೆ ಕ್ರೈಸ್ತ ಯೂರೋಪಿನಲ್ಲಿಯೂ ಹಲವು ಶತಮಾನಗಳ ಕಾಲ ನಡೆದುಬಂದಿತ್ತು. ಅಲ್ಲಿಯ ಧರ್ಮಬೋಧಕರು ಎಣಿಸುತ್ತಿದ್ದ ಏಳು ಮಹಾಪಾಪಗಳಲ್ಲಿ ಗರ್ವ, ಲೋಭ, ಅಸೂಯೆ ಮೂರೂ ಸೇರಿದ್ದವು. 17ನೆಯ ಶತಮಾನದ ಕೊನೆಯಿಂದ 18ನೆಯ ಶತಮಾನದ ಕೊನೆಯವರೆಗೆ ಲಂಡನ್, ಪ್ಯಾರಿಸ್, ಜಿನೀವಾ, ಎಡಿನ್‌ಬರೋ ನಗರಗಳ ಲೇಖಕರ ನಡುವೆ ನಡೆದ ದೀರ್ಘ ವಾಗ್ವಾದವೊಂದರಲ್ಲಿ ಈ ಎಣಿಕೆ ತಲೆಕೆಳಗಾಯಿತು, ಮತ್ತು ಪಾಪವೆನಿಸಿದ್ದ ಆಸೆಗಳೇ ದೇಶದ ಐಶ್ವರ್ಯಕ್ಕೆ ಆಧಾರವೆಂಬ ಮಾತು ಮೊದಲು ಹಗರಣವಾಗಿ, ಆಮೇಲೆ ವಾದವಾಗಿ, ಕೊನೆಗೆ ಎಲ್ಲರೂ ಒಪ್ಪಿದ ತಿಳಿವಳಿಕೆಯಾಗಿ ನೆಲೆಗೊಂಡಿತು. ಇತಿಹಾಸಕಾರರು ಭೋಗವಿವಾದ ಎಂದು ಗುರುತಿಸುವ ಈ ಚರ್ಚೆಯಲ್ಲಿ ಭೋಗವೆಂದರೆ ಬದುಕಿಗೆ ಬೇಕಾದುದಕ್ಕಿಂತ ಮಿಗಿಲಾದ ಉಡುಗೆ, ಊಟ, ಮನೆ, ಮನರಂಜನೆಗಳ ಬಳಕೆ. ವಾಣಿಜ್ಯಸಮಾಜದ ಮೌಲ್ಯಗಳನ್ನು ಅತಿ ತೀಕ್ಷ್ಣವಾಗಿ ಪರೀಕ್ಷಿಸಿದವರು ಆ ಸಮಾಜದ ಒಳಗಿನ ಕೀಲುಗಳನ್ನು ಚೆನ್ನಾಗಿ ಬಲ್ಲವರೇ ಆಗಿದ್ದರು ಎಂಬುದು, ಮತ್ತು ಅದನ್ನು ಹೊಗಳಿದವರೂ ತೆಗಳಿದವರೂ ಅದರ ಮೂಲಪ್ರೇರಣೆಯ ವಿಷಯದಲ್ಲಿ ಬಹುಮಟ್ಟಿಗೆ ಒಂದೇ ನಿರ್ಣಯಕ್ಕೆ ಬಂದಿದ್ದರು ಎಂಬುದು ಈ ವಿವಾದದ ಚರಿತ್ರೆಯಲ್ಲಿ ಎದ್ದು ಕಾಣುವ ಸಂಗತಿ.

ವಿವಾದಕ್ಕೆ ಮುಂಚಿನ ಸ್ಥಿತಿಯನ್ನು ತಿಳಿಯಲು ಭೋಗನಿಯಂತ್ರಣದ ಕಾಯಿದೆಗಳನ್ನು ನೋಡಬೇಕು. ಯಾವ ಅಂತಸ್ತಿನವರು ಯಾವ ಬಟ್ಟೆ ತೊಡಬಹುದು, ಯಾರು ಜರಿ, ಮಖಮಲ್ಲು, ತುಪ್ಪುಳದ ಅಂಚುಗಳನ್ನು ಬಳಸಬಹುದು, ಔತಣದಲ್ಲಿ ಎಷ್ಟು ಬಗೆಯ ಅಡುಗೆ ಬಡಿಸಬಹುದು ಎಂಬುದನ್ನು ಮಧ್ಯಯುಗದ ಮತ್ತು ಅನಂತರದ ಯೂರೋಪಿನ ಅನೇಕ ರಾಜ್ಯಗಳು ಕಾನೂನಿನ ಮೂಲಕವೇ ಗೊತ್ತುಪಡಿಸಿದ್ದವು. ಈ ಕಾಯಿದೆಗಳ ಹಿಂದೆ ಎರಡು ಆತಂಕಗಳು ಬೆರೆತಿದ್ದವು: ದುಂದುವೆಚ್ಚ ಆತ್ಮವನ್ನು ಕೆಡಿಸುತ್ತದೆ ಎಂಬುದು ಒಂದಾದರೆ, ಉಡುಪು ನೋಡಿ ಅಂತಸ್ತನ್ನು ಗುರುತಿಸುವುದು ಅಸಾಧ್ಯವಾದರೆ ಸಮಾಜದ ಶ್ರೇಣಿಯೇ ಸಡಿಲವಾದೀತೆಂಬುದು ಇನ್ನೊಂದು. ಇಂಗ್ಲೆಂಡಿನಲ್ಲಿ ಇಂಥ ಕಾಯಿದೆಗಳು 1604ರಲ್ಲಿಯೇ ರದ್ದಾದರೂ ಆತಂಕ ರದ್ದಾಗಲಿಲ್ಲ. ಹಡಗುಗಳು ಹೊಸ ಹೊಸ ಸರಕುಗಳನ್ನು ತಂದಂತೆಲ್ಲ ಅದು ಮತ್ತೆ ಮತ್ತೆ ತಲೆಯೆತ್ತುತ್ತಲೇ ಇತ್ತು.

ಆ ಸರಕುಗಳಲ್ಲಿ ಭಾರತದ ಹತ್ತಿಬಟ್ಟೆಯೂ ಒಂದು. ಗುಜರಾತ್, ಬಂಗಾಳ ಮತ್ತು ಕೋರಮಂಡಲ ತೀರದಿಂದ ಈಸ್ಟ್ ಇಂಡಿಯಾ ಕಂಪನಿ ಸಾಗಿಸುತ್ತಿದ್ದ ಬಣ್ಣದಚ್ಚಿನ ಬಟ್ಟೆ ಹಗುರವಾಗಿತ್ತು, ಒಗೆದರೂ ಬಣ್ಣ ಬಿಡುತ್ತಿರಲಿಲ್ಲ, ರೇಷ್ಮೆಗಿಂತ ಅಗ್ಗವೂ ಆಗಿತ್ತು. ಆದ್ದರಿಂದ ಒಡತಿಯೂ ಅವಳ ಮನೆಗೆಲಸದವಳೂ ಹೆಚ್ಚುಕಡಿಮೆ ಒಂದೇ ಬಗೆಯ ಉಡುಪಿನಲ್ಲಿ ಕಾಣಿಸಿಕೊಳ್ಳುವುದು ಸಾಧ್ಯವಾಯಿತು. ನೆಲಹಾಸಿಗೂ ಹೊದಿಕೆಗೂ ಬಳಸುತ್ತಿದ್ದ ಬಟ್ಟೆ ಈಗ ಮಾನ್ಯ ಸ್ತ್ರೀಯರ ಮೈಮೇಲೆ ಏರಿದೆಯೆಂದು ಲೇಖಕ ಡೇನಿಯಲ್ ಡಿಫೋ 1708ರಲ್ಲಿ ದೂರಿದ್ದನು. 1719ರಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಪ್ರದೇಶದ ರೇಷ್ಮೆ ನೇಕಾರರು ತಮ್ಮ ಹೊಟ್ಟೆಪಾಡಿಗೆ ಕುತ್ತು ಬಂತೆಂದು ಬೀದಿಗಿಳಿದು, ಇಂಥ ಬಟ್ಟೆ ತೊಟ್ಟ ಹೆಂಗಸರ ಉಡುಪನ್ನು ಹರಿದು ಹಾಕಿದರು. 1700ರ ಕಾಯಿದೆ ಅಚ್ಚುಹಾಕಿದ ಬಟ್ಟೆಯ ಆಮದನ್ನು ತಡೆದಿದ್ದರೆ, 1721ರ ಕಾಯಿದೆ ಅಂಥ ಬಟ್ಟೆಯ ಬಹುಪಾಲು ಬಳಕೆಯನ್ನೇ ನಿಷೇಧಿಸಿತು. ನೇಕಾರರ ಜೀವನೋಪಾಯ, ದೇಶದ ಹಣ ಹೊರಹೋಗುವ ಭಯ, ಹೆಂಗಸರ ಶೋಕಿಯ ಬಗೆಗಿನ ಕೋಪ ಮೂರೂ ಒಂದರೊಳಗೊಂದು ಹೆಣೆದುಕೊಂಡಿದ್ದ ಈ ವಾತಾವರಣದಲ್ಲಿಯೇ ಭೋಗವಿವಾದದ ಮುಖ್ಯಗ್ರಂಥ ಬೆಳಕಿಗೆ ಬಂದಿತು.

ಅದನ್ನು ಬರೆದ ಬರ್ನಾರ್ಡ್ ಮ್ಯಾಂಡೆವಿಲ್ 1670ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್‌ನಲ್ಲಿ ಹುಟ್ಟಿ, ಲೈಡನ್ ವಿಶ್ವವಿದ್ಯಾಲಯದಲ್ಲಿ ವೈದ್ಯ ಕಲಿತು, ಲಂಡನ್ನಿನಲ್ಲಿ ನೆಲೆನಿಂತು ನರಗಳ ಹಾಗೂ ಜೀರ್ಣಾಂಗಗಳ ಬೇನೆಗಳಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯ. 1705ರಲ್ಲಿ ಆತ ಹೆಸರು ಹಾಕದೆ ಪ್ರಕಟಿಸಿದ ಪುಟ್ಟ ಪದ್ಯಕಥೆಯೊಂದರಲ್ಲಿ ಜೇನುನೊಣಗಳ ಸಮೃದ್ಧ ರಾಜ್ಯವೊಂದರ ಚಿತ್ರವಿದೆ. ಅಲ್ಲಿಯ ವಕೀಲರು ವ್ಯಾಜ್ಯ ಬೆಳೆಸುತ್ತಾರೆ, ವೈದ್ಯರು ರೋಗಿಯ ಆರೋಗ್ಯಕ್ಕಿಂತ ತಮ್ಮ ಹೆಸರನ್ನು ನೋಡಿಕೊಳ್ಳುತ್ತಾರೆ, ವ್ಯಾಪಾರಿಗಳು ಮೋಸ ಮಾಡುತ್ತಾರೆ. ಆದರೂ ಎಲ್ಲರಿಗೂ ಕೆಲಸವಿದೆ, ಗೂಡು ತುಂಬಿದೆ. ಮೋಸದ ವಿರುದ್ಧ ನೊಣಗಳೇ ಗೊಣಗತೊಡಗಿದಾಗ ದೇವತೆ ಸಿಟ್ಟಿಗೆದ್ದು ಎಲ್ಲರನ್ನೂ ಒಮ್ಮೆಲೇ ಪ್ರಾಮಾಣಿಕರನ್ನಾಗಿ ಮಾಡುತ್ತಾನೆ. ಸಾಲಗಾರರು ತಾವಾಗಿಯೇ ಸಾಲ ತೀರಿಸುವುದರಿಂದ ನ್ಯಾಯಾಲಯ ಬರಿದಾಗುತ್ತದೆ, ಕಳ್ಳರಿಲ್ಲದ ಊರಿನಲ್ಲಿ ಬೀಗ ಮಾಡುವವನಿಗೆ ಕೆಲಸವಿಲ್ಲ, ಸರಳವಾಗಿ ಬದುಕುವವರ ನಡುವೆ ನೇಕಾರನಿಗೂ ಚಿತ್ರಕಾರನಿಗೂ ಗಿರಾಕಿಗಳಿಲ್ಲ. ಕೊನೆಗೆ ಅಳಿದುಳಿದ ನೊಣಗಳು ಮರದ ಪೊಟರೆಯೊಂದನ್ನು ಸೇರುತ್ತವೆ.

ಈ ಕಥೆಗೆ ಗದ್ಯದ ವಿವರಣೆಗಳನ್ನೂ ನೀತಿಯ ಹುಟ್ಟನ್ನು ಕುರಿತ ಪ್ರಬಂಧವನ್ನೂ ಸೇರಿಸಿ, ಖಾಸಗಿ ದುರ್ಗುಣಗಳೇ ಸಾರ್ವಜನಿಕ ಲಾಭಗಳು ಎಂಬರ್ಥದ ಉಪಶೀರ್ಷಿಕೆಯೊಡನೆ ಮ್ಯಾಂಡೆವಿಲ್ 1714ರಲ್ಲಿ 'ಜೇನುನೊಣಗಳ ನೀತಿಕಥೆ' ಎಂಬ ಪುಸ್ತಕವನ್ನು ಹೊರತಂದನು. ಆತನ ವಾದದ ಬಲವಿರುವುದು ಸದ್ಗುಣಕ್ಕೆ ಆತ ಕೊಟ್ಟ ಬಿಗಿಯಾದ ವ್ಯಾಖ್ಯೆಯಲ್ಲಿ. ತನ್ನ ಆಸೆಯನ್ನು ಅದುಮಿಟ್ಟು, ಪ್ರತಿಫಲವನ್ನೂ ಹೊಗಳಿಕೆಯನ್ನೂ ಬಯಸದೆ ಮಾಡಿದ ಕೆಲಸ ಮಾತ್ರ ಸದ್ಗುಣವೆಂದು ಧರ್ಮಬೋಧಕರು ಹೇಳುವುದಾದರೆ, ಆ ಒರೆಗಲ್ಲಿನ ಮೇಲೆ ಉಜ್ಜಿದಾಗ ಸಭ್ಯಸಮಾಜದ ದಾನ, ಶೌರ್ಯ, ವಿನಯಗಳೆಲ್ಲವೂ ಗರ್ವದ ಬೇರೆ ಬೇರೆ ವೇಷಗಳಾಗಿ ಹೊರಬೀಳುತ್ತವೆಂದು ಆತ ತೋರಿಸಿದನು. ಮನುಷ್ಯನನ್ನು ಬಲದಿಂದ ಪಳಗಿಸುವುದು ಅಸಾಧ್ಯವೆಂದು ಕಂಡುಕೊಂಡ ಹಿಂದಿನ ಶಾಸನಕರ್ತರು ಹೊಗಳಿಕೆಯೆಂಬ ಉಪಾಯವನ್ನು ಹೂಡಿದರು; ಆಸೆಯನ್ನು ತಡೆದವನನ್ನು ಶ್ರೇಷ್ಠನೆಂದು ಕೊಂಡಾಡಿ, ತಡೆಯದವನನ್ನು ಪಶುವೆಂದು ಹಳಿದು, ಮಾನ ಮತ್ತು ನಾಚಿಕೆಗಳೆಂಬ ಎರಡು ಕಡಿವಾಣಗಳನ್ನು ಸಿದ್ಧಪಡಿಸಿದರು ಎಂಬುದು ಆತ ಹೇಳಿದ ನೀತಿಯ ಉಗಮದ ಕಥೆ. ನಾಲ್ಕು ಜನ ಏನೆಂದಾರು ಎಂಬ ಅಳುಕು ಹೀಗೆ ನೀತಿಯ ತಳಪಾಯವೂ ವ್ಯಾಪಾರದ ಬಂಡವಾಳವೂ ಆಯಿತು.

ಮ್ಯಾಂಡೆವಿಲ್ ಭೋಗದ ಪರವಾಗಿ ಬರೆದನೆಂಬ ಸಾಮಾನ್ಯ ಅಭಿಪ್ರಾಯ ಪೂರ್ಣವಾಗಿ ಸರಿಯಲ್ಲ, ಏಕೆಂದರೆ ಭೋಗದ ಬೆಲೆಯನ್ನು ಆತ ಮುಚ್ಚಿಡಲಿಲ್ಲ. ಕಡುಗೆಂಪು ಬಣ್ಣದ ಉಣ್ಣೆಬಟ್ಟೆಯ ತಯಾರಿಕೆಯನ್ನು ವರ್ಣಿಸುವಾಗ ಆತ ಉಣ್ಣೆಯನ್ನು ಹಿಂಜುವವರು, ನೂಲುವವರು, ನೇಯುವವರು, ಬಣ್ಣಗಾರರಲ್ಲಿಗೆ ನಿಲ್ಲದೆ, ಬಣ್ಣದ ಸಾಮಗ್ರಿಯನ್ನು ದೂರದೇಶಗಳಿಂದ ತರುವ ಹಡಗುಗಳವರೆಗೆ ಹೋಗುತ್ತಾನೆ. ಆ ಹಡಗುಗಳಲ್ಲಿ ಬಿಸಿಲಿಗೂ ಚಳಿಗೂ ಮೈಯೊಡ್ಡಿ, ಬಿರುಗಾಳಿಗೆ ಸಿಕ್ಕಿ, ರೋಗಕ್ಕೆ ತುತ್ತಾಗಿ ಸಾಯುವ ನಾವಿಕರನ್ನು ಎಣಿಕೆಗೆ ತಂದು, ಒಂದು ಉಡುಪಿಗಾಗಿ ಇಷ್ಟು ಜೀವಗಳನ್ನು ತೆರುವವನನ್ನು ಕ್ರೂರಿಯೆನ್ನಬಹುದಲ್ಲವೇ ಎಂದು ಕೇಳುತ್ತಾನೆ. ಜಿನ್ ಎಂಬ ಅಗ್ಗದ ಮದ್ಯದ ಬಗ್ಗೆ ಬರೆಯುವಾಗಲೂ ಇದೇ ಕ್ರಮ. ಕುಡಿತದಿಂದ ಹಾಳಾಗುವ ಬಡವರ ಹೊಟ್ಟೆ, ಮನೆ, ಮಕ್ಕಳ ಚಿತ್ರವನ್ನು ಮೊದಲು ಕಣ್ಣಿಗೆ ಕಟ್ಟುವಂತೆ ಕೊಟ್ಟು, ಅನಂತರ ಅದೇ ಮದ್ಯದಿಂದ ಸರ್ಕಾರಕ್ಕೆ ಬರುವ ತೆರಿಗೆಯನ್ನೂ ಧಾನ್ಯ ಬೆಳೆಯುವವನಿಂದ ಹಿಡಿದು ಭಟ್ಟಿ ಇಳಿಸುವವನವರೆಗೆ ಹಲವರಿಗೆ ಸಿಗುವ ದುಡಿಮೆಯನ್ನೂ ಲೆಕ್ಕ ಹಾಕುತ್ತಾನೆ. ಐಶ್ವರ್ಯವೂ ಬೇಕು, ಶುದ್ಧಮನಸ್ಕರೆಂಬ ಹೆಸರೂ ಬೇಕು ಎನ್ನುವವರ ಸೋಗನ್ನು ಬಯಲಿಗೆಳೆಯುವುದೇ ಆತನ ಉದ್ದೇಶವಾಗಿತ್ತು.

ಆತನ ಈ ನಿಷ್ಠುರ ದೃಷ್ಟಿಗೆ ಅದರದೇ ಕುರುಡೂ ಇತ್ತು. 1723ರ ಆವೃತ್ತಿಗೆ ಸೇರಿಸಿದ ಪ್ರಬಂಧದಲ್ಲಿ ಆತ ಧರ್ಮಶಾಲೆಗಳನ್ನು, ಎಂದರೆ ಬಡ ಮಕ್ಕಳಿಗೆ ಓದುಬರಹ ಮತ್ತು ಧರ್ಮಬೋಧೆ ನೀಡಲು ದಾನಿಗಳು ನಡೆಸುತ್ತಿದ್ದ ಶಾಲೆಗಳನ್ನು ಕಟುವಾಗಿ ವಿರೋಧಿಸಿದನು. ದಾನಿಗಳ ಹೆಮ್ಮೆಯನ್ನು ಬಯಲು ಮಾಡಿದ್ದು ಒಂದು ಕಡೆಯಾದರೆ, ಕಷ್ಟದ ಕೆಲಸಕ್ಕೆ ಅಗ್ಗದ ಆಳುಗಳು ಸಿಗಬೇಕಾದರೆ ಬಡವರು ಅಕ್ಷರ ಕಲಿಯಬಾರದೆಂದು ವಾದಿಸಿದ್ದು ಇನ್ನೊಂದು ಕಡೆ. ಪದ್ಯಕಥೆ ಪ್ರಕಟವಾಗಿ 18 ವರ್ಷಗಳ ಕಾಲ ಏಳದಿದ್ದ ಗದ್ದಲ ಎದ್ದದ್ದು ಈ ಪ್ರಬಂಧದ ನಂತರವೇ. ಅದೇ ವರ್ಷ ಮಿಡ್ಲ್‌ಸೆಕ್ಸ್‌ನ ಗ್ರ್ಯಾಂಡ್ ಜ್ಯೂರಿ, ಎಂದರೆ ಆ ಪ್ರಾಂತದಲ್ಲಿ ಅಪರಾಧಗಳನ್ನು ನ್ಯಾಯಾಲಯದ ಮುಂದಿಡುವ ಪಂಚರ ಮಂಡಳಿ, ಪುಸ್ತಕವನ್ನು ಸಾರ್ವಜನಿಕ ಕಂಟಕವೆಂದು ದೂರಿತು. ವಿಲಿಯಂ ಲಾ, ಫ್ರಾನ್ಸಿಸ್ ಹಚಿಸನ್, ಬಿಷಪ್ ಜಾರ್ಜ್ ಬರ್ಕ್ಲಿ ಮೊದಲಾದವರು ಖಂಡನಗ್ರಂಥಗಳನ್ನು ಬರೆದರು. ಇವರಲ್ಲಿ ಹಚಿಸನ್ನನ ಉತ್ತರ ಮುಖ್ಯವಾದುದು: ಮನುಷ್ಯನಿಗೆ ಪರಹಿತವನ್ನು ಕಂಡು ಸಂತೋಷಪಡುವ ಸಹಜವಾದ ನೈತಿಕ ಸಂವೇದನೆ ಇದೆ, ಮಿತವಾಗಿ ಖರ್ಚು ಮಾಡುವ ಕುಟುಂಬಗಳು ಹೆಚ್ಚಿದಂತೆಲ್ಲ ಪಾಪದ ಸೋಂಕಿಲ್ಲದೆಯೂ ಕುಶಲಕರ್ಮಿಗಳಿಗೆ ಕೆಲಸ ಸಿಗುತ್ತದೆ ಎಂದು ಆತ ವಾದಿಸಿದನು.

ಮುಂದಿನ ಮೂರು ದಶಕಗಳಲ್ಲಿ ವಾದದ ಕಾವು ತಗ್ಗಿ, ಅದರ ತಿರುಳು ಮಾತ್ರ ಒಪ್ಪಿಗೆ ಪಡೆಯಿತು. ಫ್ರಾನ್ಸಿನಲ್ಲಿ ಜಾನ್ ಫ್ರಾನ್ಸ್ವಾ ಮೆಲಾನ್ 1734ರಲ್ಲಿ ವಾಣಿಜ್ಯವನ್ನು ಕುರಿತು ಬರೆದ ಗ್ರಂಥದಲ್ಲಿ ಭೋಗವನ್ನು ಸುವ್ಯವಸ್ಥಿತ ರಾಜ್ಯದ ಸಹಜ ಫಲವೆಂದು ಸಮರ್ಥಿಸಿದನು. ವೋಲ್ಟೇರ್ 1736ರ ಕವಿತೆಯೊಂದರಲ್ಲಿ ಹಳೆಯ ಕಾಲದ ಬಡತನವನ್ನು ಸದ್ಗುಣವೆಂದು ಹಾಡುವವರನ್ನು ಗೇಲಿ ಮಾಡಿದನು. ಸ್ಕಾಟ್ಲೆಂಡಿನ ದಾರ್ಶನಿಕ ಡೇವಿಡ್ ಹ್ಯೂಮ್ 1752ರಲ್ಲಿ ಭೋಗದ ಬಗ್ಗೆ ಪ್ರಕಟಿಸಿದ ಪ್ರಬಂಧದಲ್ಲಿ ನಿರ್ದೋಷವಾದ ಭೋಗ ಮತ್ತು ದೋಷಯುಕ್ತ ಭೋಗ ಎಂಬ ವಿಂಗಡಣೆ ಮಾಡಿ, ಕೈಗಾರಿಕೆ, ಜ್ಞಾನ, ಮಾನವೀಯತೆಗಳು ಒಂದಕ್ಕೊಂದು ಕೊಂಡಿಯಾಗಿ ಬೆಳೆಯುತ್ತವೆಂದು ಪ್ರತಿಪಾದಿಸಿದನು. ಜನ ನಗರಗಳಲ್ಲಿ ಕಲೆತು, ಮಾತನಾಡಿ, ಪರಸ್ಪರರಿಂದ ಕಲಿತಷ್ಟೂ ಅವರ ನಡವಳಿಕೆ ಮೃದುವಾಗುತ್ತದೆ ಎಂಬುದು ಆತನ ನಂಬಿಕೆಯಾಗಿತ್ತು. ಮ್ಯಾಂಡೆವಿಲ್‌ನ ಒಗಟಿನಲ್ಲಿದ್ದ ಕಹಿಯನ್ನು ತೆಗೆದು ಲಾಭವನ್ನಷ್ಟೇ ಉಳಿಸಿಕೊಂಡ ಈ ನಿಲುವೇ ಆ ಕಾಲದ ಸುಸಂಸ್ಕೃತ ವಲಯಗಳ ಸಾಮಾನ್ಯ ಅಭಿಪ್ರಾಯವಾಗುವ ಹೊತ್ತಿಗೆ, ಅದರ ಮೇಲೆ ಜಿನೀವಾದ ಪ್ರಜೆಯೊಬ್ಬನ ದಾಳಿ ನಡೆಯಿತು.

ಜಿನೀವಾ ಆಗ ಕ್ಯಾಲ್ವಿನ್ ಪಂಥದ ಸಣ್ಣ ಗಣರಾಜ್ಯವಾಗಿದ್ದು, ಅಲ್ಲಿ ಉಡುಗೆತೊಡುಗೆ, ಆಭರಣ, ಔತಣಗಳ ಮೇಲಿನ ನಿರ್ಬಂಧಗಳು 18ನೆಯ ಶತಮಾನದಲ್ಲಿಯೂ ಜಾರಿಯಲ್ಲಿದ್ದವು. ಆದರೆ ನಿರ್ಬಂಧದ ಊರಿನ ಮುಖ್ಯ ಕಸುಬು ಗಡಿಯಾರ ತಯಾರಿಕೆ. ಆಭರಣಗಳ ಮೇಲೆ ನಿಷೇಧ ಬಿದ್ದಾಗ ಅಕ್ಕಸಾಲಿಗರು ಗಡಿಯಾರದ ಕಡೆ ತಿರುಗಿದರೆಂದು ಆ ಕಸುಬಿನ ಚರಿತ್ರೆಯಲ್ಲಿ ಹೇಳುವುದುಂಟು, ಮತ್ತು 1601ರ ಹೊತ್ತಿಗೆ ಅಲ್ಲಿ ಗಡಿಯಾರಗಾರರ ಸಂಘ ಸ್ಥಾಪನೆಯಾಗಿತ್ತು. 1712ರಲ್ಲಿ ಇಂಥ ಗಡಿಯಾರಗಾರನೊಬ್ಬನ ಮಗನಾಗಿ ಹುಟ್ಟಿದ ಜಾನ್ ಜಾಕ್ ರೂಸೋ, ವಿಜ್ಞಾನ ಮತ್ತು ಕಲೆಗಳ ಪುನರುಜ್ಜೀವನ ಜನರ ನಡತೆಯನ್ನು ಶುದ್ಧಗೊಳಿಸಿದೆಯೇ ಎಂದು ದಿಜೋನ್ ಅಕಾಡೆಮಿ 1749ರಲ್ಲಿ ಸ್ಪರ್ಧೆಗೆ ಇಟ್ಟ ಪ್ರಶ್ನೆಗೆ ಇಲ್ಲವೆಂದು ಉತ್ತರಿಸಿ, ಮರುವರ್ಷ ಬಹುಮಾನ ಪಡೆದನು. ಬಹುಮಾನದ ನಂತರ ಆತ ಜರಿಯಂಚನ್ನೂ ಬಿಳಿಯ ಕಾಲುಚೀಲಗಳನ್ನೂ ಕತ್ತಿಯನ್ನೂ ತ್ಯಜಿಸಿ, ಜೇಬುಗಡಿಯಾರವನ್ನು ಮಾರಿ, ಸಂಗೀತದ ಹಾಳೆಗಳನ್ನು ನಕಲು ಮಾಡಿಕೊಟ್ಟು ಹೊಟ್ಟೆಹೊರೆಯುವ ನಿರ್ಧಾರ ಮಾಡಿದನು. ಉಳಿದಿದ್ದ ನಯವಾದ ನಾರುಬಟ್ಟೆಯ 42 ಅಂಗಿಗಳನ್ನು ಕಳ್ಳರು ಒಯ್ದ ಮೇಲೆ ಆ ಮೋಹದಿಂದಲೂ ಬಿಡುಗಡೆಯಾಯಿತೆಂದು ಆತ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ.

1755ರಲ್ಲಿ ಪ್ರಕಟವಾದ, ಅಸಮಾನತೆಯ ಮೂಲವನ್ನು ಕುರಿತ ಪ್ರಬಂಧದಲ್ಲಿ ರೂಸೋನ ವಾದ ಪೂರ್ಣರೂಪ ಪಡೆಯಿತು. ಆತ ಎರಡು ಬಗೆಯ ಸ್ವಪ್ರೀತಿಗಳನ್ನು ಬೇರ್ಪಡಿಸಿದನು: ತನ್ನನ್ನು ತಾನು ಉಳಿಸಿಕೊಳ್ಳುವ ಸಹಜ ಕಾಳಜಿ ಒಂದು, ಇತರರೊಡನೆ ಹೋಲಿಸಿಕೊಂಡು ಅವರಿಗಿಂತ ಮೇಲೆನಿಸಿಕೊಳ್ಳಬೇಕೆಂಬ ಅಹಂಮಾನ ಇನ್ನೊಂದು. ಮೊದಲನೆಯದು ಪ್ರಾಣಿಗಳಿಗೂ ಇದೆ, ಎರಡನೆಯದು ಸಮಾಜದಲ್ಲಿ ಮಾತ್ರ ಹುಟ್ಟುತ್ತದೆ. ಗುಡಿಸಲುಗಳ ಮುಂದೆ ಸೇರಿ ಹಾಡಿ ಕುಣಿಯತೊಡಗಿದ ಆದಿಜನರು ಒಬ್ಬರನ್ನೊಬ್ಬರು ನೋಡತೊಡಗಿ, ತಾವೂ ನೋಡಿಸಿಕೊಳ್ಳಬಯಸಿದಾಗ, ಚೆನ್ನಾಗಿ ಹಾಡುವವನಿಗೂ ಚೆಲುವನಿಗೂ ಹೆಚ್ಚಿನ ಮರ್ಯಾದೆ ಸಿಕ್ಕಿದಾಗ, ಅಸಮಾನತೆಯ ಮೊದಲ ಹೆಜ್ಜೆ ಬಿತ್ತೆಂದು ಆತ ಊಹಿಸಿದನು. ಮ್ಯಾಂಡೆವಿಲ್ ಕಂಡ ಪ್ರೇರಣೆಯೇ ಇಲ್ಲಿಯೂ ಕಾಣುತ್ತದೆ; ಆದರೆ ಅಲ್ಲಿ ನಾಗರಿಕತೆಯ ಚಾಲಕಶಕ್ತಿಯಾಗಿದ್ದುದು ಇಲ್ಲಿ ಅದರ ಕಾಯಿಲೆಯಾಗಿದೆ. ಈ ನಂಟನ್ನು ಆ ಕಾಲದಲ್ಲಿಯೇ ಗುರುತಿಸಿದವನು ಆಡಂ ಸ್ಮಿತ್: ಎಡಿನ್‌ಬರೋದ ವಿಮರ್ಶಾಪತ್ರಿಕೆಯೊಂದಕ್ಕೆ 1756ರಲ್ಲಿ ಬರೆದ ಪತ್ರದಲ್ಲಿ, ರೂಸೋನ ಸಿದ್ಧಾಂತಕ್ಕೆ ಮ್ಯಾಂಡೆವಿಲ್‌ನ ಗ್ರಂಥದ ಎರಡನೆಯ ಸಂಪುಟವೇ ಎಡೆಮಾಡಿಕೊಟ್ಟಿದೆಯೆಂದು ಆತ ತಿಳಿಸಿದ್ದನು.

ಸಿದ್ಧಾಂತದ ಈ ಜಗಳ ಊರಿನ ಆಡಳಿತದ ಪ್ರಶ್ನೆಯಾಗಿ ಮಾರ್ಪಟ್ಟದ್ದು ಜಿನೀವಾದ ರಂಗಮಂದಿರದ ವಿಷಯದಲ್ಲಿ. ಫ್ರೆಂಚ್ ವಿಶ್ವಕೋಶದ 7ನೆಯ ಸಂಪುಟ 1757ರಲ್ಲಿ ಹೊರಬಂದಾಗ, ಅದರಲ್ಲಿ ಜಿನೀವಾವನ್ನು ಕುರಿತು ಬರೆದ ಡಾಲಂಬೇರ್, ನಟರ ನಡತೆಗೆ ಕಟ್ಟುನಿಟ್ಟಿನ ನಿಯಮಗಳನ್ನು ಮಾಡಿ ಊರಿನಲ್ಲಿ ನಾಟಕಶಾಲೆ ತೆರೆಯಬಹುದೆಂದು ಸಲಹೆ ಕೊಟ್ಟನು. ರೂಸೋ 1758ರಲ್ಲಿ ಪ್ರಕಟಿಸಿದ ಉತ್ತರ ನೀತಿಬೋಧೆಗಿಂತ ಹೆಚ್ಚಾಗಿ ಊರಿನ ಜಮಾಖರ್ಚಿನಂತಿದೆ: ಸಂಜೆಯ ನಾಟಕದಿಂದ ತಪ್ಪುವ ದುಡಿಮೆ, ನಾಟಕಕ್ಕೆ ಹೋಗಲು ಬೇಕಾದ ಉಡುಪು, ಪಕ್ಕದವರ ಉಡುಪಿನೊಡನೆ ಶುರುವಾಗುವ ಪೈಪೋಟಿ, ಬಡವನಿಗೂ ಸಿರಿವಂತನಿಗೂ ಒಂದೇ ಭಾರವಾಗದ ಟಿಕೆಟ್ಟಿನ ದರ, ಎಲ್ಲವನ್ನೂ ಆತ ಒಂದೊಂದಾಗಿ ಪಟ್ಟಿಮಾಡುತ್ತಾನೆ. ನಾಟಕಶಾಲೆಗೆ ಎದುರಾಗಿ ಆತ ಇಟ್ಟ ಚಿತ್ರ ನೂಶಟೆಲ್ ಸೀಮೆಯ ಬೆಟ್ಟದ ರೈತರದು. ಹಿಮ ಬಿದ್ದು ಹೊರಗಿನ ಸಂಪರ್ಕ ಕಡಿದುಹೋಗುವ ಚಳಿಗಾಲದಲ್ಲಿ ಅವರು ತಮಗೆ ಬೇಕಾದ ಸಾಮಾನುಗಳನ್ನು ತಾವೇ ಮಾಡಿಕೊಳ್ಳುವುದಲ್ಲದೆ ಗಡಿಯಾರಗಳನ್ನೂ ತಯಾರಿಸುತ್ತಿದ್ದರು. ಬೇರೆಡೆ ಹಲವು ಕಸುಬುಗಾರರ ನಡುವೆ ಹಂಚಿಹೋಗಿದ್ದ ಕೆಲಸಗಳನ್ನೆಲ್ಲ ಒಬ್ಬೊಬ್ಬನೇ ಕಲಿತು, ಬೇಕಾದ ಹತ್ಯಾರುಗಳನ್ನೂ ತಾನೇ ಮಾಡಿಕೊಳ್ಳುತ್ತಿದ್ದನೆಂದು ರೂಸೋ ಬೆರಗಿನಿಂದ ಬರೆದಿದ್ದಾನೆ.

ರೂಸೋನ ನಿಲುವಿನಲ್ಲಿಯೂ ಬಿರುಕುಗಳಿದ್ದವು. ನಾಟಕವನ್ನು ವಿರೋಧಿಸಿದ ಆತನೇ ರಚಿಸಿದ ಸಂಗೀತನಾಟಕವೊಂದು 1752ರಲ್ಲಿ ಫ್ರಾನ್ಸಿನ ದೊರೆಯ ಮುಂದೆ ಪ್ರದರ್ಶನಗೊಂಡಿತ್ತು. ಸರಳ ಗಣರಾಜ್ಯದ ಆತನ ಆದರ್ಶದಲ್ಲಿ ಹೆಂಗಸರಿಗೆ ಮನೆಯೊಳಗಿನ ಸ್ಥಾನವಷ್ಟೇ ಇತ್ತು. ಆತ ಹಾಡಿಹೊಗಳಿದ ಜಿನೀವಾ ಸರ್ಕಾರವೇ 1762ರಲ್ಲಿ ಆತನ ಎರಡು ಮುಖ್ಯ ಗ್ರಂಥಗಳನ್ನು ಸುಡಿಸಿತು. ಆದರೂ ಆತ ಎತ್ತಿದ ಪ್ರಶ್ನೆಯನ್ನು ಬದಿಗೊತ್ತುವುದು ಯಾರಿಗೂ ಸುಲಭವಾಗಲಿಲ್ಲ. ಅದನ್ನು ಅತ್ಯಂತ ಗಂಭೀರವಾಗಿ ಪರಿಗಣಿಸಿದವನು ವಾಣಿಜ್ಯಸಮಾಜದ ಸಮರ್ಥಕನೆಂದೇ ಹೆಸರಾದ ಸ್ಮಿತ್.

1759ರಲ್ಲಿ ಪ್ರಕಟವಾದ ನೈತಿಕ ಭಾವನೆಗಳನ್ನು ಕುರಿತ ಗ್ರಂಥದಲ್ಲಿ ಸ್ಮಿತ್ ಮ್ಯಾಂಡೆವಿಲ್‌ನನ್ನು ಖಂಡಿಸಿದನು. ಹೊಗಳಿಕೆಗಾಗಿ ಹಪಹಪಿಸುವುದು ಬೇರೆ, ಹೊಗಳಿಕೆಗೆ ಅರ್ಹನಾಗಬೇಕೆಂದು ಬಯಸುವುದು ಬೇರೆ, ಇವೆರಡನ್ನೂ ಗರ್ವವೆಂಬ ಒಂದೇ ಹೆಸರಿನಿಂದ ಕರೆಯುವುದು ತಪ್ಪೆಂಬುದು ಆತನ ಆಕ್ಷೇಪ. ಆದರೆ ಮ್ಯಾಂಡೆವಿಲ್‌ನ ಸಿದ್ಧಾಂತ ಸತ್ಯದ ಗಡಿಗೆ ತಾಗಿಕೊಂಡಿರದಿದ್ದರೆ ಅಷ್ಟು ಜನರನ್ನು ನಂಬಿಸಲಾಗುತ್ತಿರಲಿಲ್ಲ ಎಂದೂ ಒಪ್ಪಿಕೊಂಡನು. ಅದೇ ಗ್ರಂಥದಲ್ಲಿ ಸಿರಿವಂತರ ಬದುಕಿಗೆ ಮರುಳಾದ ಬಡವನ ಮಗನೊಬ್ಬನ ಪ್ರಸಂಗವಿದೆ: ಮೇಲೇರುವ ಆಸೆಯಿಂದ ಆತ ಜೀವಮಾನವಿಡೀ ನಿದ್ದೆಗೆಟ್ಟು ದುಡಿದು, ತನಗೆ ಸರಿಯೆನಿಸದವರನ್ನೂ ಓಲೈಸಿ, ಮುಪ್ಪಿನಲ್ಲಿ ಗಳಿಸಿದ್ದೆಲ್ಲ ನಿಸ್ಸಾರವೆಂದು ಕಾಣುತ್ತಾನೆ. ಇದೊಂದು ಭ್ರಮೆಯೆಂದು ಹೇಳುವ ಸ್ಮಿತ್, ಹೊಲಗಳನ್ನು ಉಳುಮೆ ಮಾಡಿಸಿ, ನಗರಗಳನ್ನು ಕಟ್ಟಿಸಿ, ಕಡಲುಗಳನ್ನು ದಾಟಿಸಿದ್ದು ಈ ಭ್ರಮೆಯೇ ಎಂದೂ ಹೇಳುತ್ತಾನೆ. 1776ರ 'ವೆಲ್ತ್ ಆಫ್ ನೇಷನ್ಸ್' ಗ್ರಂಥದ ಮೊದಲ ಪುಟಗಳಲ್ಲಿ ಗುಂಡುಸೂಜಿ ತಯಾರಿಕೆಯ ಉದಾಹರಣೆಯ ಮೂಲಕ ಶ್ರಮವಿಭಜನೆಯ ಲಾಭವನ್ನು ಕೊಂಡಾಡಿದ ಲೇಖಕನೇ, ಅದರ 5ನೆಯ ಭಾಗದಲ್ಲಿ, ಬದುಕೆಲ್ಲ ಒಂದೆರಡು ಸರಳ ಕ್ರಿಯೆಗಳನ್ನೇ ಮಾಡುವ ಕೆಲಸಗಾರನ ಬುದ್ಧಿ ಮಂಕಾಗುತ್ತದೆಂದೂ ಅದಕ್ಕೆ ಸರ್ಕಾರ ಪರಿಹಾರ ಹುಡುಕಬೇಕೆಂದೂ ಎಚ್ಚರಿಸಿದನು. ಬಡವರ ಶಿಕ್ಷಣದ ಬಗ್ಗೆ ಮ್ಯಾಂಡೆವಿಲ್ ಕೊಟ್ಟಿದ್ದ ಉತ್ತರಕ್ಕೆ ಇದು ನೇರವಾದ ವಿರೋಧ.

ಸ್ಮಿತ್ ತೀರಿಕೊಂಡ 1790ರಲ್ಲಿಯೇ ಆ ನೀತಿಗ್ರಂಥದ ಆರನೆಯ ಆವೃತ್ತಿ ಹೊರಬಂದಿತು. ಅದಕ್ಕೆ ಆತ ಹೊಸದಾಗಿ ಸೇರಿಸಿದ ಅಧ್ಯಾಯವೊಂದರಲ್ಲಿ, ಸಿರಿವಂತರನ್ನೂ ಪ್ರಬಲರನ್ನೂ ಹೆಚ್ಚುಕಡಿಮೆ ಪೂಜಿಸುವ, ಬಡವರನ್ನು ತಿರಸ್ಕರಿಸುವ ಇಲ್ಲವೇ ಕಡೆಗಣಿಸುವ ಪ್ರವೃತ್ತಿ ಸಮಾಜದ ಶ್ರೇಣಿಯನ್ನು ಎತ್ತಿಹಿಡಿಯಲು ಬೇಕಾದುದೆಂದು ಒಪ್ಪುತ್ತಲೇ, ನೈತಿಕ ಭಾವನೆಗಳು ಕೆಡಲು ಅದೇ ಅತಿ ದೊಡ್ಡ ಹಾಗೂ ಸರ್ವವ್ಯಾಪಿ ಕಾರಣವೆಂದು ತೀರ್ಮಾನಿಸಿದನು. ಜ್ಞಾನ ಮತ್ತು ಸದ್ಗುಣಕ್ಕೆ ಸಲ್ಲಬೇಕಾದ ಗೌರವ ಐಶ್ವರ್ಯಕ್ಕೆ ಸಲ್ಲುತ್ತದೆ, ಬಡತನವನ್ನು ದುರ್ಗುಣದಂತೆ ಕಾಣಲಾಗುತ್ತದೆ ಎಂಬ ಈ ಮಾತುಗಳ ಕರ್ತೃ ಯಾರೆಂದು ತಿಳಿಯದವರು ಅವನ್ನು ರೂಸೋನವೆಂದೇ ಭಾವಿಸುವ ಸಾಧ್ಯತೆ ಇದೆ.

ಹೀಗೆ ಮ್ಯಾಂಡೆವಿಲ್, ರೂಸೋ, ಸ್ಮಿತ್ ಮೂವರೂ ವಾಣಿಜ್ಯಸಮಾಜದ ಮೂಲದಲ್ಲಿ ಇತರರ ಕಣ್ಣಿಗೆ ದೊಡ್ಡವರೆನಿಸುವ ಆಸೆಯನ್ನೇ ಕಂಡರು, ಮತ್ತು ಅದು ಭೋಗಿಯ ಮನಸ್ಸನ್ನೂ ಊರಿನ ಬಾಳನ್ನೂ ಏನು ಮಾಡುತ್ತದೆ ಎಂಬುದನ್ನೇ ಮುಖ್ಯವಾಗಿ ಕೇಳಿದರು. ಸರಕನ್ನು ಉತ್ಪಾದಿಸಿದವರ ಪ್ರಶ್ನೆ ಮ್ಯಾಂಡೆವಿಲ್‌ನ ನಾವಿಕರ ಚಿತ್ರದಲ್ಲಿ ಇಣುಕಿ ಮರೆಯಾಗಿತ್ತು. ವೋಲ್ಟೇರ್ ತನ್ನ 1759ರ ಕಾದಂಬರಿ 'ಕ್ಯಾಂಡೀಡ್'ನಲ್ಲಿ, ಸುರಿನಾಮಿನ ಸಕ್ಕರೆ ತೋಟದಲ್ಲಿ ಕೈಕಾಲು ಕಳೆದುಕೊಂಡ ಗುಲಾಮನೊಬ್ಬನ ಬಾಯಿಂದ ಯೂರೋಪಿನವರು ತಿನ್ನುವ ಸಕ್ಕರೆಯ ನಿಜವಾದ ಬೆಲೆಯನ್ನು ಹೇಳಿಸಿದನು. 1791ರ ಏಪ್ರಿಲ್‌ನಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಮಸೂದೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಬಿದ್ದುಹೋದಾಗ ಆ ಪ್ರಶ್ನೆ ಮನೆಮನೆಯ ಚಹಾದ ಮೇಜಿಗೆ ಬಂದಿತು. ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಬಿಟ್ಟವರ ಸಂಖ್ಯೆ 3 ಲಕ್ಷಕ್ಕೆ ಕಡಿಮೆಯಿರಲಿಲ್ಲವೆಂದು ಗುಲಾಮರ ವ್ಯಾಪಾರದ ವಿರುದ್ಧದ ಚಳವಳಿಯ ನಾಯಕ ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ್ದನು. ಭೋಗದ ತಪ್ಪು ಭೋಗಿಯ ಆತ್ಮಕ್ಕೆ ತಗಲುವ ಕೊಳೆ ಎಂಬ ಹಳೆಯ ಕಲ್ಪನೆಯ ಜಾಗದಲ್ಲಿ, ಅದು ಕಣ್ಣಿಗೆ ಕಾಣದ ಇನ್ನೊಬ್ಬನ ಮೈಮೇಲೆ ಬೀಳುವ ಪೆಟ್ಟು ಎಂಬ ಹೊಸ ಕಲ್ಪನೆ ಈ ಚಳವಳಿಯೊಡನೆ ಬಂದಿತು.

ಈ ಹೊಸ ಅಳತೆಗೋಲೂ ಸೋಗಿನಿಂದ ಪೂರ್ತಿ ಮುಕ್ತವಾಗಿರಲಿಲ್ಲ. 1820ರ ದಶಕದಲ್ಲಿ ಗುಲಾಮರು ತಯಾರಿಸದ ಸಕ್ಕರೆಯೆಂದು ಬರೆದ ಬಟ್ಟಲುಗಳಲ್ಲಿ ಇಂಗ್ಲೆಂಡಿನ ಮನೆಗಳು ಭಾರತದ ಸಕ್ಕರೆಯನ್ನು ಬಡಿಸತೊಡಗಿದವು. ನೂರು ವರ್ಷಗಳ ಹಿಂದೆ ಶೋಕಿಯ ಬಟ್ಟೆಗಾಗಿ ದೂಷಣೆಗೆ ಒಳಗಾಗಿದ್ದ ಈಸ್ಟ್ ಇಂಡಿಯಾ ಸರಕು ಈಗ ಶುದ್ಧ ಮನಸ್ಸಾಕ್ಷಿಯ ಗುರುತಾಯಿತು. ಆದರೆ ಕಂಪನಿಯ ಆಳ್ವಿಕೆಗೆ ಒಳಪಟ್ಟ ಭಾರತದಲ್ಲಿಯೇ ಗುಲಾಮಗಿರಿಗೆ ನ್ಯಾಯಾಲಯಗಳಲ್ಲಿದ್ದ ಮಾನ್ಯತೆ ರದ್ದಾದದ್ದು 1843ರ ಕಾಯಿದೆಯಿಂದ. 20ನೆಯ ಶತಮಾನದಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್ 1936ರ ತನ್ನ ಗ್ರಂಥದಲ್ಲಿ ಮ್ಯಾಂಡೆವಿಲ್‌ನನ್ನು ನೆನೆದದ್ದು, ಖರ್ಚು ಕುಗ್ಗಿದರೆ ಉದ್ಯೋಗವೂ ಕುಗ್ಗುತ್ತದೆ ಎಂಬ ತತ್ವವನ್ನು ಮೊದಲೇ ಕಂಡವರಲ್ಲಿ ಒಬ್ಬನೆಂದು. ಬೀಗ ಮಾಡುವವನ ನಿರುದ್ಯೋಗ ಹೀಗೆ ಅರ್ಥಶಾಸ್ತ್ರಕ್ಕೆ ಸೇರಿತು, ಕೆಂಪು ಬಟ್ಟೆಗಾಗಿ ಸತ್ತ ನಾವಿಕನ ಲೆಕ್ಕ ಸೇರಲಿಲ್ಲ. ಭೋಗವಿವಾದದ ಚರಿತ್ರೆಯಿಂದ ತಿಳಿಯುವುದೇನೆಂದರೆ, ಆಧುನಿಕ ಸಮಾಜ ತನ್ನ ಮೌಲ್ಯಗಳನ್ನು ಆರಿಸಿಕೊಂಡಾಗ ಅವುಗಳ ಬೆಲೆಯನ್ನು ಅರಿಯದೆ ಆರಿಸಿಕೊಳ್ಳಲಿಲ್ಲ. ಆ ಬೆಲೆಯನ್ನು ಅದರ ಅತ್ಯುತ್ತಮ ಸಮರ್ಥಕರೇ ಬರೆದಿಟ್ಟಿದ್ದರು, ಮತ್ತು ಅವರ ಗ್ರಂಥಗಳಿಂದ ಲಾಭದ ಪುಟಗಳನ್ನು ಮಾತ್ರ ಆಯ್ದು ಓದಿದ ಹೊಣೆ ಮುಂದಿನ ತಲೆಮಾರುಗಳದು.